ಬಾಯಲ್ಲಿ ಒಪ್ಪಿದ ಓನರ್, ಕಾಗದದಲ್ಲಿ ಒಪ್ಪಿರಲಿಲ್ಲ

ತುಮಕೂರಿನಲ್ಲಿ ನಾಯಿ ಇಟ್ಟುಕೊಂಡು ಬಾಡಿಗೆ ಮನೆ ಹುಡುಕುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ.

ಹೋದ ವರ್ಷ ಕ್ಯಾತ್ಸಂದ್ರದ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ನೋಡಿದೆವು. ನಾಯಿ ಇದೆ ಅಂತ ಮೊದಲ ದಿನವೇ ಹೇಳಿದ್ದೆ. ಬ್ರೋಕರ್ ‘ಅದೇನ್ ತೊಂದ್ರೆ ಇಲ್ಲ ಮೇಡಂ’ ಅಂದ. ಓನರ್ ಇರುವುದು ಬೆಂಗಳೂರಿನಲ್ಲಿ, ಫೋನಿನಲ್ಲಿ ಕೇಳಿದೆ. ‘ಅದಕ್ಕೇನಮ್ಮ, ಇಟ್ಕೊಳ್ಳಿ, ಗಲೀಜು ಮಾಡ್ಬಾರ್ದು ಅಷ್ಟೇ’ ಅಂದರು. ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸಹಿ ಹಾಕುವಾಗ ನಾನು ನೋಡಿದ್ದು ಬಾಡಿಗೆ ಎಷ್ಟು, ಹೆಸರು ಸರಿ ಇದೆಯಾ, ಇಷ್ಟೇ. ಕೆಳಗೆ ಸಾಮಾನಿನ ಗಾಡಿ ಬಂದು ನಿಂತಿತ್ತು. ಪೂರ್ತಿ ಯಾರು ಓದ್ತಾರೆ, ಅಲ್ವಾ?

ಮೂರನೇ ವಾರ ಅಸೋಸಿಯೇಷನ್ ಸೆಕ್ರೆಟರಿ ಬಾಗಿಲು ತಟ್ಟಿದರು. ನಮ್ಮ ಗುಂಡ ಲಿಫ್ಟ್ ಹತ್ತಬಾರದಂತೆ. ಅಷ್ಟೇ ಅಲ್ಲ, ಬಿಲ್ಡಿಂಗಿನಲ್ಲೇ ಇರಬಾರದಂತೆ, ಮೀಟಿಂಗಿನಲ್ಲಿ ಎಲ್ಲರೂ ಕೈ ಎತ್ತಿದ್ದಾರಂತೆ. ಇದಕ್ಕೆ ನಾನು ಹೆದರಲಿಲ್ಲ. ಬಹುಮತ ಇದ್ದರೂ ಅಸೋಸಿಯೇಷನ್‌ನವರು ಸಾಕುನಾಯಿ ಬೇಡ ಅನ್ನುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಅದರ ಪ್ರಿಂಟ್ ತೆಗೆಸಿ, ರೇಬೀಸ್ ಲಸಿಕೆ ಪುಸ್ತಕದ ಜೆರಾಕ್ಸ್ ಸೇರಿಸಿ ಕೊಟ್ಟೆ. ಸೆಕ್ರೆಟರಿ ಸುಮ್ಮನೆ ಹೋದರು.

ಹೋಗಿ ಓನರ್‌ಗೆ ಫೋನ್ ಮಾಡಿದ್ದರು! ರಾತ್ರಿ ಓನರಿಂದ ಒಂದು ಫೋಟೊ ಬಂತು. ಅಗ್ರಿಮೆಂಟಿನ ಮೂರನೇ ಪುಟ, ಒಂದು ಸಾಲಿನ ಕೆಳಗೆ ಕೆಂಪು ಗೆರೆ: ‘ಬಾಡಿಗೆದಾರರು ಯಾವುದೇ ಸಾಕುಪ್ರಾಣಿಯನ್ನು ಇಟ್ಟುಕೊಳ್ಳತಕ್ಕದ್ದಲ್ಲ.’ ಪುಟದ ಕೊನೆಗೆ ನನ್ನದೇ ಸಹಿ. ಟೈಪಿಂಗ್ ಅಂಗಡಿಯವರು ಎಲ್ಲರಿಗೂ ಹೊಡೆದುಕೊಡುವ ಹಳೇ ನಮೂನೆ ಅದು. ಓನರೂ ಅದನ್ನು ಓದಿರಲಿಕ್ಕಿಲ್ಲ ಅಂತ ಈಗಲೂ ನನ್ನ ಅನುಮಾನ. ‘ಫೋನಲ್ಲಿ ನೀವೇ ಒಪ್ಪಿದ್ರಲ್ಲ ಸರ್’ ಅಂದರೆ, ‘ನಾನೆಲ್ಲಮ್ಮ ಒಪ್ಪಿದ್ದೆ?’

ನಮ್ಮ ಭಾವ ವಕೀಲರು. ಅಸೋಸಿಯೇಷನ್ ಜೊತೆ ಜಗಳ ಆಡಬಹುದು, ನೀನೇ ಸಹಿ ಹಾಕಿದ ಕರಾರಿನ ಜೊತೆ ಕಷ್ಟ ಅಂದರು. ಎರಡು ತಿಂಗಳಿಗೆ ಮನೆ ಖಾಲಿ ಮಾಡಿದೆವು. ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಬ್ರೋಕರ್ ಕಮಿಷನ್ನೂ ಹೋಯಿತು. ಅವನೀಗ ಫೋನ್ ಎತ್ತಲ್ಲ.

ದುಡ್ಡು ಕೊಡುವ ಮುಂಚೆಯೇ ಅಗ್ರಿಮೆಂಟಿನ ಡ್ರಾಫ್ಟ್ ಕೇಳಿ. ಆ ಸಾಲಿದ್ದರೆ ತೆಗೆಸಿ, ನಾಯಿ ಇಟ್ಟುಕೊಳ್ಳಲು ಒಪ್ಪಿಗೆ ಇದೆ ಅಂತ ಬರೆಸಿ. ಫೋನಿನಲ್ಲಿ ಮಾತಾದರೆ ಅದನ್ನೇ ವಾಟ್ಸ್‌ಆ್ಯಪಿನಲ್ಲೂ ಕಳಿಸಿ, ‘ಸರಿ’ ಅನ್ನಿಸಿಕೊಳ್ಳಿ.

ನಾವೀಗ ಬಟವಾಡಿ ಕಡೆ ಇದ್ದೇವೆ. ಇಲ್ಲಿ ಓನರ್ ಒಬ್ಬರು ಅಜ್ಜಿ. ಬರೆಸುವಾಗ ‘ನಾಯಿ ಹೆಸರೂ ಹಾಕಿಸಿಬಿಡು, ನಾಳೆ ಇನ್ನೆರಡು ತಂದೀಯ’ ಅಂದರು. ಸ್ಟಾಂಪ್ ಪೇಪರಿನಲ್ಲಿ ಗುಂಡನ ಹೆಸರಿದೆ.