ಕನ್ನಡ ಟೈಪಿಂಗ್‌ನ ಐದು ದಾರಿಗಳು: ತಪ್ಪು ತಿದ್ದಲು ಯಾವುದು ಸುಲಭ?

ಕನ್ನಡ ಟೈಪ್ ಮಾಡಲು ಯಾವ ಕೀಲಿಮಣೆ ಒಳ್ಳೆಯದು ಎಂಬ ಜಗಳ ಹಳೆಯದು. ಅದರಲ್ಲಿ ವೇಗದ ಮಾತೇ ಜಾಸ್ತಿ. ಆದರೆ ಲೆಕ್ಕ ಹಾಕಿ ನೋಡಿ: ‘ಸೂರ್ಯ’ ಎಂದು ಬರೆಯಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಐದು ಕೀಲಿ, ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದಲ್ಲೂ ಐದು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡಕ್ಕೆ ತಿರುಗಿಸಿಕೊಂಡರೆ ಐದರ ಜೊತೆ ಒಂದು ಸ್ಪೇಸ್. ಹಾಗಾಗಿ ನಾನು ಬೇರೆ ಪ್ರಶ್ನೆ ಇಟ್ಟುಕೊಂಡು ಐದು ದಾರಿಗಳನ್ನೂ ಬಳಸಿ ನೋಡಿದೆ. ತಪ್ಪಾದದ್ದು ಯಾವಾಗ ಗೊತ್ತಾಗುತ್ತದೆ? ಸರಿ ಮಾಡಲು ಎಷ್ಟು ಒದ್ದಾಡಬೇಕು?

ಈ ಪ್ರಶ್ನೆಯ ಮೂಲ ವಿನ್ಯಾಸ ತಜ್ಞ ಡಾನ್ ನಾರ್ಮನ್ ಅವರದು. ಮನುಷ್ಯನಿಗೂ ಯಂತ್ರಕ್ಕೂ ನಡುವೆ ಎರಡು ಕಂದಕಗಳಿವೆ ಎಂದು ಅವರು 1980ರ ದಶಕದಲ್ಲಿ ಹೇಳಿದರು. ಬೇಕಾದ್ದನ್ನು ಹೇಗೆ ಮಾಡಿಸಿಕೊಳ್ಳಬೇಕು ಎಂದು ತಿಳಿಯದಿರುವುದು ಒಂದು. ಮಾಡಿದ ಮೇಲೆ ಏನಾಯಿತು ಎಂದು ತಿಳಿಯದಿರುವುದು ಇನ್ನೊಂದು. ಟೈಪಿಂಗ್ ಬಗ್ಗೆ ವಾದ ಮಾಡುವವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ ಅನ್ನಿಸುತ್ತದೆ.

ನನ್ನ ಪರೀಕ್ಷೆಯ ಪದಗಳು ಸರಳ: ಬೆಲೆ, ಬೆಳೆ, ಬೇಳೆ. ಜೊತೆಗೆ ಹಳ್ಳಿ, ಹಲ್ಲಿ.

ಮೊದಲು ಕೆ.ಪಿ. ರಾವ್ ವಿನ್ಯಾಸ. ನುಡಿ, ಬರಹ ತಂತ್ರಾಂಶಗಳೆರಡರಲ್ಲೂ ಇದು ಸಿಗುತ್ತದೆ. ರಾಜ್ಯ ಸರ್ಕಾರ ಒಪ್ಪಿಕೊಂಡಿರುವುದೂ ಇದನ್ನೇ. ಇಂಗ್ಲಿಷಿನ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ‘ಎಲ್’ಗೆ ಲ, ಶಿಫ್ಟ್ ಸೇರಿದರೆ ಳ. ಇಂಗ್ಲಿಷಿನ ‘ಇ’ಗೆ ಹ್ರಸ್ವ ಎ, ಶಿಫ್ಟ್ ಸೇರಿದರೆ ದೀರ್ಘ ಏ. ಬೆಲೆ, ಬೆಳೆ, ಬೇಳೆ ಮೂರಕ್ಕೂ ನಾಲ್ಕೇ ಕೀಲಿ. ಶಿಫ್ಟ್ ಎಲ್ಲಿ ಬಿತ್ತು ಎಂಬುದರಲ್ಲಷ್ಟೇ ವ್ಯತ್ಯಾಸ. ಯಂತ್ರ ಇಲ್ಲಿ ಏನನ್ನೂ ಊಹಿಸುವುದಿಲ್ಲ. ತಪ್ಪು ಒತ್ತಿದರೆ ಆ ಕ್ಷಣವೇ ತಪ್ಪು ಅಕ್ಷರ ಕಾಣುತ್ತದೆ.

ಕಷ್ಟ ಇರುವುದು ಶುರುವಿನಲ್ಲಿ. ‘ಕ್ಯೂ’ಗೆ ಟ, ‘ಡಬ್ಲ್ಯು’ಗೆ ಡ, ‘ಎಕ್ಸ್’ಗೆ ಷ, ಒತ್ತಕ್ಷರಕ್ಕೆ ‘ಎಫ್’. ಕೀಲಿಯ ಮೇಲೆ ಇದಕ್ಕೆ ಯಾವ ಸುಳಿವೂ ಇಲ್ಲ, ಸುಮ್ನೆ ಬಾಯಿಪಾಠ ಮಾಡಬೇಕು. ಇಂಗ್ಲಿಷ್ ಅಕ್ಷರವೇ ಬಾರದವರಿಗಂತೂ ‘ಕೆ’ಗೆ ಕ ಎಂಬ ಸುಳಿವಿನಿಂದಲೂ ಉಪಯೋಗವಿಲ್ಲ.

ಎರಡನೆಯದು ಇನ್‌ಸ್ಕ್ರಿಪ್ಟ್. ಇದು ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1980ರ ದಶಕದಲ್ಲಿ ರೂಪಿಸಿದ ವಿನ್ಯಾಸ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಹಿಂದಿ, ತೆಲುಗು, ಮಲಯಾಳಂ ಯಾವುದೇ ಇರಲಿ, ಕ ಒಂದೇ ಜಾಗದಲ್ಲಿ ಇರುತ್ತದೆ. ಎರಡು ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಲಾಭ. ನನಗೆ ಅಂಥ ಕೆಲಸ ಇಲ್ಲ. ಕೀಲಿಗಳ ಮೇಲೆ ಕನ್ನಡ ಅಚ್ಚಾಗಿರುವ ಲ್ಯಾಪ್‌ಟಾಪ್ ಕೂಡ ನನ್ನ ಬಳಿ ಇಲ್ಲ. ಹಾಗಾಗಿ ಇದು ನನ್ನ ಬೆರಳಿಗೆ ಹತ್ತಲಿಲ್ಲ.

ಈ ಎರಡರಲ್ಲೂ ಒಂದು ತೊಡಕಿದೆ, ಅದನ್ನು ತೋರಿಸಿಕೊಟ್ಟವರು ನಮ್ಮತ್ತೆ. ಅವರು ಟೈಪ್‌ರೈಟರ್ ಕಲಿತವರು. ‘ಸೂರ್ಯ’ ಬರೆಯುವಾಗ ಸೂ ಆದ ಮೇಲೆ ಯ ಒತ್ತಿ, ಅರ್ಕಾವತ್ತು ಎಲ್ಲಿದೆ ಎಂದು ಹುಡುಕಿದರು. “ಯ ಆದ್ಮೇಲೆ ತಾನೇ ಅರ್ಕಾವತ್ತು ಬರೋದು?” ಕೈಬರಹದ ಲೆಕ್ಕದಲ್ಲಿ ಅವರು ಹೇಳಿದ್ದೇ ಸರಿ. ಕಂಪ್ಯೂಟರ್ ಮಾತ್ರ ಉಚ್ಚರಿಸುವ ಕ್ರಮವನ್ನು ಕೇಳುತ್ತದೆ: ಮೊದಲು ರ, ಆಮೇಲೆ ಅದನ್ನು ಅರ್ಧ ಮಾಡುವ ಕೀಲಿ, ಕೊನೆಗೆ ಯ. ಬಳಸುವವರ ಮನಸ್ಸಿನಲ್ಲಿರುವ ಚಿತ್ರ ಒಂದು, ಯಂತ್ರದ ಒಳಗಿನ ಚಿತ್ರ ಇನ್ನೊಂದು. ಅತ್ತೆಗೆ ಕನ್ನಡ ಬರುವುದಿಲ್ಲ ಅಂತಲ್ಲ, ಯಂತ್ರ ತನ್ನ ಕ್ರಮವನ್ನು ಅವರಿಗೆ ಎಲ್ಲೂ ಹೇಳಿಯೇ ಇರಲಿಲ್ಲ.

ಮೂರನೆಯದು ಲಿಪ್ಯಂತರ, ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡಕ್ಕೆ ತಿರುಗಿಸಿಕೊಳ್ಳುವುದು. ವಾಟ್ಸಾಪ್‌ನಲ್ಲಿ ಕಂಗ್ಲಿಷ್ ಬರೆದು ರೂಢಿಯಾದವರಿಗೆ ಕಲಿಯುವುದೇನೂ ಇಲ್ಲ. ಅರ್ಕಾವತ್ತಿನ ಗೊಂದಲವೂ ಇಲ್ಲ. ಆದರೆ ಬಿ-ಇ-ಎಲ್-ಇ ಎಂದು ಹೊಡೆದರೆ ನಿಮಗೆ ಬೇಕಾದದ್ದು ಬೆಲೆಯೋ, ಬೆಳೆಯೋ, ಬೇಳೆಯೋ? ಅದು ಊಹಿಸಿ ಒಂದನ್ನು ಹಾಕುತ್ತದೆ, ಉಳಿದವನ್ನು ಪಟ್ಟಿಯಲ್ಲಿ ತೋರಿಸುತ್ತದೆ. ನೆನಪು ಮಾಡಿಕೊಳ್ಳುವುದಕ್ಕಿಂತ ನೋಡಿ ಗುರುತಿಸುವುದು ಸುಲಭ ಎಂಬುದು ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ ಅವರ 1994ರ ಹತ್ತು ಸೂತ್ರಗಳಲ್ಲಿ ಒಂದು. ಆ ಲೆಕ್ಕದಲ್ಲಿ ಪಟ್ಟಿ ತೋರಿಸುವುದು ಒಳ್ಳೆಯ ವಿನ್ಯಾಸವೇ. ಆದರೆ ಪ್ರತಿ ಪದಕ್ಕೂ ಕಣ್ಣು ಆ ಪಟ್ಟಿಗೆ ಹೋಗಿ ಬರಬೇಕು. ಹೋಗಲಿಲ್ಲ ಅಂದರೆ ‘ನಮ್ಮ ಹಲ್ಲಿಯಲ್ಲಿ ಈ ಸಲ ಒಳ್ಳೆ ಬೆಲೆ’ ಎಂಬಂಥ ವಾಕ್ಯ ಹೊರಡುತ್ತದೆ. ಎಲ್ಲವೂ ನಿಜವಾದ ಕನ್ನಡ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಕವೂ ಸುಮ್ಮನಿರುತ್ತದೆ. ಕಳುಹಿಸಿದ ಮೇಲೆ ಯಾರೋ ನಕ್ಕಾಗ ಗೊತ್ತಾಗುತ್ತದೆ.

ನಾಲ್ಕನೆಯದು ಕನ್ನಡ ಅಕ್ಷರಗಳೇ ಕಾಣುವ ಫೋನ್ ಕೀಲಿಮಣೆ. ಅಕ್ಷರಗಳು ವರ್ಗಗಳ ಕ್ರಮದಲ್ಲಿ ಇದ್ದರೆ, ಶಾಲೆಯಲ್ಲಿ ಕ ಖ ಗ ಘ ಙ ಹೇಳಿದವರಿಗೆ ಹುಡುಕುವ ಕೆಲಸವೇ ಇಲ್ಲ. ಐಐಟಿ ಬಾಂಬೆಯಲ್ಲಿ ರೂಪುಗೊಂಡ ಸ್ವರಚಕ್ರ ಇನ್ನೂ ಮುಂದೆ ಹೋಗಿದೆ: ಕ ಮುಟ್ಟಿದರೆ ಸುತ್ತ ಕಾ, ಕಿ, ಕು ಅರಳುತ್ತವೆ, ಬೆರಳು ಆ ಕಡೆ ಜಾರಿಸಿದರಾಯಿತು. ಕಾಗುಣಿತ ಕಣ್ಣೆದುರೇ ಇರುತ್ತದೆ. ಅತ್ತೆಗೆ ಹಿಡಿಸಿದ್ದು ಈ ಬಗೆಯದು. ಅಡ್ಡಿ ಬಂದದ್ದು ಕೀಲಿಗಳ ಗಾತ್ರ. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಮುಟ್ಟಲು ಹೊತ್ತು ಬೇಕು ಎಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ತೋರಿಸಿದ್ದರು. ಇಷ್ಟೊಂದು ಅಕ್ಷರ ಒಂದು ಫೋನಿನ ಅಗಲದಲ್ಲಿ ಕೂರಬೇಕು, ಅಲ್ವಾ? ಪಕ್ಕದ ಅಕ್ಷರಕ್ಕೆ ಬೆರಳು ಬೀಳುವುದು ತಪ್ಪಿದ್ದಲ್ಲ. ಆದರೆ ಬಿದ್ದದ್ದು ತಕ್ಷಣ ಕಾಣುತ್ತದೆ.

ಐದನೆಯದು ಧ್ವನಿ ಟೈಪಿಂಗ್. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದದ ಮಾತಿಗೆ ಅದಕ್ಕಿಂತ ವೇಗದ್ದು ಇಲ್ಲ. ಮನೆಮಾತಿನಲ್ಲಿ ‘ಹೋಗ್ಬುಟ್ಟ’ ಅಂದರೆ ಅದು ಕೇಳಿಸಿಕೊಂಡದ್ದೇ ಬೇರೆ. ಬಸ್ಸಿನಲ್ಲಿ ಕೂತು ಮನೆಯ ವಿಷಯ ಜೋರಾಗಿ ಹೇಳಲೂ ಆಗುವುದಿಲ್ಲ.

ಈಗ ಬ್ಯಾಕ್‌ಸ್ಪೇಸ್. ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇದೇ. ‘ಸ್ತ್ರೀ’ ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯುನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಅದು ಆರು ತುಂಡು. ಬಹಳಷ್ಟು ಕಡೆ ಬ್ಯಾಕ್‌ಸ್ಪೇಸ್ ಒತ್ತುತ್ತಾ ಹೋದರೆ ಸ್ತ್ರ, ಸ್ತ್, ಸ್ತ, ಸ್, ಸ ಎಂದು ಒಂದೊಂದೇ ಕಳಚುತ್ತದೆ. ಆದರೆ ಕೆಲವು ಕಡೆ ಮುಂದೆ ಅಳಿಸುವ ಡಿಲೀಟ್ ಕೀಲಿ ಪೂರ್ತಿ ‘ಸ್ತ್ರೀ’ಯನ್ನು ಒಂದೇ ಏಟಿಗೆ ತೆಗೆಯುತ್ತದೆ. ಅಂಥ ಕಡೆ ಕರ್ಸರ್ ಅಂತೂ ಅಕ್ಷರದ ಮಧ್ಯಕ್ಕೆ ಹೋಗುವುದೇ ಇಲ್ಲ.

ಕೆ.ಪಿ. ರಾವ್ ವಿನ್ಯಾಸ ಅಥವಾ ಇನ್‌ಸ್ಕ್ರಿಪ್ಟ್ ಬಳಸುವವರಿಗೆ ಹೀಗೆ ಕಳಚುವುದು ವರ. ಒತ್ತಿದ ಕ್ರಮದಲ್ಲೇ ಒಂದೊಂದು ಹೆಜ್ಜೆ ಹಿಂದೆ ಹೋಗುತ್ತದೆ. ದೀರ್ಘ ತಪ್ಪಿದ್ದರೆ ದೀರ್ಘ ಮಾತ್ರ ತೆಗೆದು ಮುಂದುವರಿಯಬಹುದು. ಲಿಪ್ಯಂತರದಲ್ಲಿ ಬರೆದವರು ಈ ತುಂಡುಗಳನ್ನು ಒತ್ತಿಯೇ ಇಲ್ಲ. ಅವರ ಕಣ್ಣಿಗೆ ‘ಸ್ತ್’ ಎಂಬುದು ಮುರಿದ ಅಕ್ಷರ. ಎಲ್ಲಿ ನಿಲ್ಲಿಸಬೇಕೋ ಗೊತ್ತಾಗದೆ ಇಡೀ ಪದ ಅಳಿಸಿ ಮತ್ತೆ ಶುರು ಮಾಡುತ್ತಾರೆ. ಧ್ವನಿಯಲ್ಲಿ ಬರೆದವರ ಗತಿಯೂ ಅದೇ, ತಿದ್ದಲು ಅವರು ಬೇರೆ ಕೀಲಿಮಣೆಗೇ ಹೋಗಬೇಕು. ಬ್ಯಾಕ್‌ಸ್ಪೇಸ್ ಒಂದೇ ರೀತಿ ನಡೆದುಕೊಂಡರೂ ಬರೆದ ದಾರಿ ಬೇರೆಯಾದರೆ ಅದರ ಅರ್ಥವೇ ಬದಲಾಗುತ್ತದೆ. ಯಾವ ದಾರಿಯಲ್ಲಿ ಬಂತೋ ಆ ದಾರಿಯಲ್ಲೇ ಅಳಿಯಬೇಕು ಎಂದು ವಿನ್ಯಾಸಕಾರರು ಯೋಚಿಸಿದ ಹಾಗೆ ಕಾಣುವುದಿಲ್ಲ. ಕೆಲವು ಲಿಪ್ಯಂತರ ಸಲಕರಣೆಗಳು ಮಾತ್ರ ಪದ ಮುಗಿದ ಕೂಡಲೇ ಬ್ಯಾಕ್‌ಸ್ಪೇಸ್ ಒತ್ತಿದರೆ ಪರ್ಯಾಯಗಳ ಪಟ್ಟಿಯನ್ನು ಮತ್ತೆ ತೆರೆಯುತ್ತವೆ. ಇದು ಸರಿಯಾದ ಯೋಚನೆ.

ಬಳಕೆಯ ಸುಲಭತೆಯನ್ನು ಯಾರು, ಯಾವ ಕೆಲಸಕ್ಕೆ, ಎಂಥ ಸಂದರ್ಭದಲ್ಲಿ ಎಂದು ಹೇಳದೆ ಅಳೆಯಲಾಗದು. ಐಎಸ್‌ಒ 9241-11 ಎಂಬ ಅಂತರರಾಷ್ಟ್ರೀಯ ಮಾನಕ 1998ರಲ್ಲೇ ಹೀಗೆ ಹೇಳಿದೆ. ಹಾಗಾಗಿ ನನ್ನ ತೀರ್ಪೂ ಹಾಗೇ ಇದೆ. ಪುಟಗಟ್ಟಲೆ ಬರೆಯುವವರು ಕೆ.ಪಿ. ರಾವ್ ವಿನ್ಯಾಸ ಕಲಿಯಿರಿ, ಶುರುವಿನ ಕಷ್ಟ ಬೇಗ ತೀರುತ್ತದೆ. ಕನ್ನಡ ಓದಲು ಚೆನ್ನಾಗಿ ಬರುವ, ಇಂಗ್ಲಿಷ್ ಬಾರದ ಹಿರಿಯರಿಗೆ ಫೋನಿನಲ್ಲಿ ಕನ್ನಡ ಅಕ್ಷರಗಳೇ ಇರಲಿ, ಕೀಲಿಯ ಎತ್ತರವನ್ನು ಸೆಟ್ಟಿಂಗ್‌ನಲ್ಲಿ ಹೆಚ್ಚಿಸಿಕೊಡಿ. ನಾಲ್ಕು ಸಾಲಿನ ಸಂದೇಶಕ್ಕೆ ಲಿಪ್ಯಂತರ ಸಾಕು. ಅರ್ಜಿ, ಲೆಕ್ಕಪತ್ರ, ಲಗ್ನಪತ್ರಿಕೆಗೆ ಬೇಡ.