ಬೋಸ್ 901: ಷೇರುಪೇಟೆಯ ಹಂಗಿಲ್ಲದ ಕಂಪನಿಯ ಸ್ಪೀಕರ್

1968ರಲ್ಲಿ ಬಂದ ಬೋಸ್ 901 ತಯಾರಿಕೆ ನಿಂತದ್ದು 2016ರಲ್ಲಿ. ಈಗ ಸಿಗುವುದೆಲ್ಲ ಸೆಕೆಂಡ್‌ಹ್ಯಾಂಡ್. ಒಂದೊಂದು ಪೆಟ್ಟಿಗೆಯಲ್ಲೂ ನಾಲ್ಕೂವರೆ ಇಂಚಿನ ಒಂಬತ್ತು ಡ್ರೈವರ್‌ಗಳು, ಅಂದರೆ ಸದ್ದು ಹೊರಡಿಸುವ ಬಿಡಿ ಸ್ಪೀಕರ್‌ಗಳು. ಕೇಳುವವರತ್ತ ಮುಖ ಮಾಡಿರುವುದು ಒಂದೇ, ಉಳಿದ ಎಂಟೂ ಹಿಂದಿನ ಗೋಡೆಯ ಕಡೆಗೆ. ತಗ್ಗಿನ ಸದ್ದಿಗೆಂದೇ ಬೇರೆ ವೂಫರ್ ಇಲ್ಲ, ಏರಿನ ಸದ್ದಿಗೆ ಟ್ವೀಟರ್ ಇಲ್ಲ, ಸದ್ದನ್ನು ಅವುಗಳಿಗೆ ಹಂಚುವ ಕ್ರಾಸೋವರೂ ಇಲ್ಲ. ಸಂಗೀತ ಸಭಾಂಗಣದಲ್ಲಿ ನಮ್ಮ ಕಿವಿಗೆ ಬೀಳುವ ಸದ್ದಿನ ಬಹುಪಾಲು ಗೋಡೆ, ಚಾವಣಿಗೆ ತಗುಲಿ ಬಂದದ್ದು ಎಂಬ ಸಂಶೋಧನೆಯೇ ಇದರ ತಳಹದಿ.

ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಈಕ್ವಲೈಸರ್ ಪೆಟ್ಟಿಗೆ ಜೊತೆಗಿದೆಯೇ ಎಂದು. ಅದಿಲ್ಲದೆ 901 ಹಳೇ ಟೆಲಿಫೋನಿನಂತೆ ಕೇಳಿಸುತ್ತದೆ, ಏಕೆಂದರೆ ಸಣ್ಣ ಡ್ರೈವರ್‌ಗಳು ಬಿಟ್ಟುಕೊಡುವ ಬಾಸ್ (ತಗ್ಗಿನ ಸದ್ದು) ಮತ್ತು ಟ್ರೆಬಲ್ (ಏರಿನ ಸದ್ದು) ಎರಡನ್ನೂ ತುಂಬಿಕೊಡುವುದು ಅದೇ. ಈಕ್ವಲೈಸರಿನ ಸರಣಿ, ಅಂದರೆ 901ರ ಯಾವ ಆವೃತ್ತಿಯದು ಎಂಬುದೂ ಸ್ಪೀಕರಿಗೆ ಹೊಂದಬೇಕು. ಮೊದಲೆರಡು ಸರಣಿಗಳದ್ದು ಗಾಳಿಯಾಡದ ಪೆಟ್ಟಿಗೆ, ಮೂರನೆಯದರಿಂದ ಮುಂದೆ ಪೋರ್ಟ್ (ಗಾಳಿ ಹೋಗಿಬರುವ ಕಿಂಡಿ) ಇರುವ ಪೆಟ್ಟಿಗೆ. ಒಂದು ಬಗೆಯ ಪೆಟ್ಟಿಗೆಯ ಈಕ್ವಲೈಸರ್ ಇನ್ನೊಂದಕ್ಕೆ ಹಾಕಿದರೆ ಬಾಸ್ ಕೆಡುತ್ತದೆ. ಈಕ್ವಲೈಸರ್ ಜೋಡಿಸುವ ಜಾಗ ಆಂಪ್ಲಿಫೈಯರ್‌ನ (ಆಂಪ್) ಟೇಪ್ ಮಾನಿಟರ್ ಲೂಪ್, ಅಂದರೆ ಸದ್ದಿನ ಸಂಕೇತವನ್ನು ಹೊರಗಿನ ಸಾಧನಕ್ಕೆ ಕಳಿಸಿ ಮರಳಿ ಪಡೆಯುವ ಜೋಡಣೆ; ಇಲ್ಲವೇ ಸಂಕೇತವನ್ನು ಸಜ್ಜುಗೊಳಿಸುವ ಪ್ರೀಆಂಪ್ ಮತ್ತು ಸ್ಪೀಕರ್‌ಗೆ ಶಕ್ತಿ ಕೊಡುವ ಪವರ್ ಆಂಪ್ ನಡುವೆ. ಆಂಪ್‌ನಿಂದ ಸ್ಪೀಕರ್‌ಗೆ ಹೋಗುವ ತಂತಿಗೆ ಇದನ್ನು ಸೇರಿಸಲೇಬಾರದು. ಈಗಿನ ಹೆಚ್ಚಿನ ರಿಸೀವರ್‌ಗಳಲ್ಲಿ ಆ ಲೂಪೇ ಇಲ್ಲ; ಮೋಸ ಹೋಗುವುದು ಇಲ್ಲೇ.

ಮೂರನೆಯ ಸರಣಿಯಿಂದ ಈಚಿನವುಗಳಲ್ಲಿ ಒಂಬತ್ತೂ ಡ್ರೈವರ್‌ಗಳು ಸಾಲಾಗಿ, ಅಂದರೆ ಸೀರೀಸ್‌ನಲ್ಲಿವೆ. ಒಂದೊಂದರ ವಿದ್ಯುತ್ ತಡೆ ಸುಮಾರು 0.9 ಓಮ್, ಒಟ್ಟು ಸುಮಾರು 8 ಓಮ್. ಹಾಗಾಗಿ ಒಂದರ ಕಾಯಿಲ್ (ತಂತಿಸುರುಳಿ) ಕಡಿದರೂ ಇಡೀ ಪೆಟ್ಟಿಗೆ ಮೂಕ. ತಂತಿ ಕಡಿದಿದೆಯೇ ಎಂದು ಅಳೆಯಲು ಮಲ್ಟಿಮೀಟರ್ ಹಿಡಿದೇ ಹೋಗಿ. ಡ್ರೈವರ್‌ಗಳ ಫೋಮ್ ಅಂಚು ವಯಸ್ಸಾದಂತೆ ಪುಡಿಯಾಗುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಉದುರುತ್ತಿದೆಯೇ? ಹಾಗಿದ್ದರೆ ಜೋಡಿಗೆ ಹದಿನೆಂಟು ಅಂಚುಗಳನ್ನು ಅಂಟಿಸುವ ಕೆಲಸ ಕಾದಿದೆ ಎಂದು ಲೆಕ್ಕ ಹಾಕಿಯೇ ಬೆಲೆ ಹೇಳಿ.

ಹಿಂದಿನ ಗೋಡೆಯಿಂದ ಒಂದಡಿ, ಪಕ್ಕದ ಗೋಡೆಯಿಂದ ಒಂದೂವರೆ ಅಡಿ ಅಂತರ ಇರಲಿ. ಗೋಡೆ ಗಟ್ಟಿಯಾಗಿರಬೇಕು, ದಪ್ಪ ಪರದೆ ಇದ್ದರೆ ಟ್ರೆಬಲ್ ಅಲ್ಲೇ ಇಂಗಿಹೋಗುತ್ತದೆ.

ಇಂಥ ಹಟಮಾರಿ ವಿನ್ಯಾಸ 48 ವರ್ಷ ಮಾರುಕಟ್ಟೆಯಲ್ಲಿ ಉಳಿದದ್ದಕ್ಕೆ ಕಾರಣ ಕಂಪನಿಯ ಒಡೆತನದಲ್ಲೂ ಇದೆ. ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಅಮರ್ ಬೋಸ್ 1964ರಲ್ಲಿ ಕಟ್ಟಿದ ಈ ಕಂಪನಿಯನ್ನು ಕೊನೆತನಕ ಷೇರುಪೇಟೆಗೆ ಬಿಡಲಿಲ್ಲ, ಲಾಭವನ್ನು ಸಂಶೋಧನೆಗೇ ಸುರಿದರು. ಸದ್ದಡಗಿಸುವ ಹೆಡ್‌ಫೋನಿನ ಯೋಚನೆ ಹೊಳೆದದ್ದು 1978ರಲ್ಲಿ. ಪೈಲಟ್‌ಗಳ ಹೆಡ್‌ಸೆಟ್ ಬಂದದ್ದು 1989ರಲ್ಲಿ, ಪ್ರಯಾಣಿಕರಿಗಾಗಿ ಕ್ವೈಟ್‌ಕಂಫರ್ಟ್ 2000ದಲ್ಲಿ. ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕಾದ ಕಂಪನಿ ಇಷ್ಟು ಕಾಯುವುದು ಕಷ್ಟ.

ಕಾದದ್ದೆಲ್ಲ ಫಲಿಸಿತು ಎಂದಲ್ಲ. ಚಕ್ರಕ್ಕೊಂದರಂತೆ ವಿದ್ಯುತ್ ಮೋಟಾರು ಇಟ್ಟ ಕಾರಿನ ಸಸ್ಪೆನ್ಷನ್ ಕೆಲಸ 1980ರಲ್ಲಿ ಶುರುವಾಗಿ 2004ರಲ್ಲಿ ಹೊರಬಂತು. ಕಾರು ಉಬ್ಬುಗಳ ಮೇಲೆ ಅಲುಗದೆ ಹೋಗುತ್ತಿತ್ತು, ಆದರೆ ಭಾರ ಮತ್ತು ಬೆಲೆ ಹೆಚ್ಚಾಗಿ ಯಾವ ಕಾರಿಗೂ ಸೇರಲಿಲ್ಲ. ಟ್ರಕ್ ಚಾಲಕರ ಸೀಟಿಗೆ ಅದೇ ಯೋಚನೆಯನ್ನು ಇಳಿಸಿದರು. 2017ರಲ್ಲಿ ಸಸ್ಪೆನ್ಷನ್ ತಂತ್ರಜ್ಞಾನವನ್ನು ಕ್ಲಿಯರ್‌ಮೋಷನ್ ಕಂಪನಿಗೆ ಮಾರಿದರು.

ಒಳಗೇ ನಿರ್ಧಾರವಾಗುವ ಕಂಪನಿಗೆ ಹೊರಗಿನ ಟೀಕೆ ಸುಲಭವಾಗಿ ರುಚಿಸುವುದಿಲ್ಲ. 1970ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 901ರಲ್ಲಿ ವಾದ್ಯಗಳ ಸದ್ದು ಒಂದೆಡೆ ನಿಲ್ಲದೆ ಅಲೆಯುತ್ತದೆ ಎಂದು ಬರೆದದ್ದಕ್ಕೆ ಬೋಸ್ ಕೋರ್ಟಿಗೆ ಹೋಯಿತು, 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಪತ್ರಿಕೆಯ ದೂರು ತೀರಾ ಸುಳ್ಳಲ್ಲ: ಒಂಟಿ ವೀಣೆ ಗೋಡೆಯುದ್ದಕ್ಕೂ ಹರಡಿದಂತೆ ಕೇಳುತ್ತದೆ. ದೊಡ್ಡ ವಾದ್ಯವೃಂದಕ್ಕೆ ಅದೇ ಗುಣ ಹಿತ.

2011ರಲ್ಲಿ ಅಮರ್ ಬೋಸ್ ತಮ್ಮ ಕಂಪನಿಯ ಬಹುಪಾಲು ಷೇರುಗಳನ್ನು ಎಂಐಟಿಗೆ ಕೊಟ್ಟರು, ಮತದ ಹಕ್ಕಿಲ್ಲದ ರೂಪದಲ್ಲಿ. ಡಿವಿಡೆಂಡ್ (ಲಾಭಾಂಶ) ಎಂಐಟಿಗೆ, ಆದರೆ ಕಂಪನಿಯ ಆಡಳಿತದಲ್ಲಿ ಕೈಹಾಕುವಂತಿಲ್ಲ, ಷೇರು ಮಾರುವಂತೆಯೂ ಇಲ್ಲ. ದೀರ್ಘಕಾಲದ ಸಂಶೋಧನೆ ಕಾಪಾಡಬೇಕೆನ್ನುವ ಸ್ಥಾಪಕರು ಗಮನಿಸಬೇಕಾದ ಏರ್ಪಾಡು ಇದು.

ಕೋಣೆ ದೊಡ್ಡದು, ಗೋಡೆ ಬೋಳು, ಆಂಪ್‌ನಲ್ಲಿ ಶಕ್ತಿ ಧಾರಾಳ, ಈಕ್ವಲೈಸರ್ ಸರಿಯಾದದ್ದು ಅಂದರೆ 901 ಕೊಳ್ಳಿ. ಹಾಸಿಗೆ, ಪರದೆ ತುಂಬಿದ ಸಣ್ಣ ಕೋಣೆಗೆ ಬೇಡ.