ಎಂಟು ವರ್ಷ, ಎಪ್ಪತ್ತೊಂದು ರೀಲು: ಕ್ಯಾನೊನೆಟ್ ಕ್ಯೂಎಲ್17 ಜಿ3 ಬಳಸಿದವನ ಲೆಕ್ಕ

ನನ್ನ ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ3 ಕ್ಯಾಮೆರಾದಲ್ಲಿ ಈಗ ಓಡುತ್ತಿರುವುದು ಎಪ್ಪತ್ತೊಂದನೆಯ ರೀಲು. ಎಂಟು ವರ್ಷಗಳ ಹಿಂದೆ ಅದನ್ನು ಕೊಂಡ ದಿನದಿಂದ ಪ್ರತಿ ರೀಲಿನ ದಿನಾಂಕ, ಫಿಲ್ಮಿನ ಹೆಸರು, ಕೆಟ್ಟ ಫ್ರೇಮುಗಳ ಸಂಖ್ಯೆ ಮತ್ತು ಕೆಟ್ಟದ್ದೇಕೆ ಎಂಬ ಒಂದು ಸಾಲಿನ ಕಾರಣ, ಇಷ್ಟನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದೇನೆ. ಇಲ್ಲಿನ ಮಾತುಗಳಿಗೆ ಆ ಪುಸ್ತಕವೇ ಆಧಾರ. ಹಳೆಯ ಪುಟ್ಟ ರೇಂಜ್‌ಫೈಂಡರ್, ಎಂದರೆ ಎರಡು ಬಿಂಬ ಹೊಂದಿಸಿ ಫೋಕಸ್ ಮಾಡುವ ಕ್ಯಾಮೆರಾ, ಕೊಳ್ಳಹೊರಟವರು ಮೊದಲು ನೋಡುವುದು ಲೆನ್ಸಿನ ಸುತ್ತ ಕೆತ್ತಿದ ಅಂಕೆಯನ್ನು. ಆ ಅಂಕೆ ಚಿಕ್ಕದಾದಷ್ಟೂ ಲೆನ್ಸು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ; ನಾನೂ ಎಫ್/1.7 ಎಂಬುದಕ್ಕೆ ಮರುಳಾಗಿಯೇ ಕೊಂಡೆ. ಆದರೆ ನೋಟ್‌ಬುಕ್ಕಿನಲ್ಲಿ ಲೆನ್ಸಿನ ದೋಷದಿಂದ ಕೆಟ್ಟ ಫ್ರೇಮು ಒಂದೂ ಇಲ್ಲ. ಕೆಟ್ಟವುಗಳೆಲ್ಲ ಬ್ಯಾಟರಿಯಿಂದ, ಹಿಂಬಾಗಿಲಿನ ಸವೆದ ಫೋಮಿನಿಂದ, ಜಾರಿದ ರೇಂಜ್‌ಫೈಂಡರಿನಿಂದ, ಇಲ್ಲವೇ ನನ್ನ ಮರೆವಿನಿಂದ ಕೆಟ್ಟವು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಬಿಡುತ್ತೇನೆ, ಏಕೆಂದರೆ ಮಾರುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಕ್ಯಾನೊನೆಟ್ ಎಂಬ ಹೆಸರು ಜಪಾನಿನ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. 1965ರ ಕ್ಯೂಎಲ್17 ಕೂಡ ಎಫ್/1.7 ಲೆನ್ಸಿನದೇ ಆದರೂ ಅದು 45 ಮಿಲಿಮೀಟರಿನ ಲೆನ್ಸಿನ, ದಪ್ಪ ದೇಹದ ಕ್ಯಾಮೆರಾ. 1969ರಲ್ಲಿ ಅದನ್ನು ಕಿರಿದಾಗಿಸಿ 40 ಮಿಲಿಮೀಟರಿನ ಲೆನ್ಸ್ ಕೂರಿಸಿದರು. ಅದನ್ನೇ ಇನ್ನಷ್ಟು ತಿದ್ದಿ 1972ರಲ್ಲಿ ತಂದದ್ದು ಜಿ3. ಮೂರರ ಮೇಲೂ ಕ್ಯೂಎಲ್17 ಎಂದೇ ಇರುವುದರಿಂದ, ಬರಿ ಹೆಸರು ನೋಡಿ ಹಣ ಕಳಿಸಿದರೆ ದೊಡ್ಡ ಕ್ಯಾಮೆರಾ ಮನೆಗೆ ಬರುವ ಸಾಧ್ಯತೆ ಇದೆ. ಹೊರನೋಟಕ್ಕೆ ಜಿ3ನ ತಮ್ಮನಂತೆ ಕಾಣುವ ಕ್ಯಾನೊನೆಟ್ 28 ಇನ್ನೊಂದು; ಅದರ ಲೆನ್ಸು ಎಫ್/2.8, ಶಟರ್ ವೇಗವನ್ನು (ಫಿಲ್ಮಿಗೆ ಬೆಳಕು ಬೀಳುವ ಅವಧಿಯನ್ನು) ನಾವು ಆರಿಸುವ ಅವಕಾಶವೂ ಅದರಲ್ಲಿಲ್ಲ. ನಾನಂತೂ ಮಾರುವವರಿಂದ ಲೆನ್ಸಿನ ಉಂಗುರದ ಚಿತ್ರ ತರಿಸಿಕೊಳ್ಳದೆ ಮಾತು ಮುಂದುವರಿಸುವುದಿಲ್ಲ.

ಕ್ಯಾನೊನೆಟ್‌ಗಿಂತ ಮೊದಲು ನನ್ನಲ್ಲಿದ್ದದ್ದು ಸೋದರಮಾವ ಕುವೈತಿನಿಂದ ತಂದಿದ್ದ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್. ಲೆನ್ಸಿನ ವಿಷಯದಲ್ಲಿ ಅದು ಯಾರಿಗೂ ಬಿಟ್ಟುಕೊಡುವಂಥದ್ದಲ್ಲ, ಅದರ ಬಣ್ಣವನ್ನು ಈಗಲೂ ನೆನೆಯುತ್ತೇನೆ. ಆದರೆ ಅದು ಸುಮಾರು 750 ಗ್ರಾಂ ತೂಗುವ ಕ್ಯಾಮೆರಾ, ಮತ್ತು ಶಟರನ್ನು ಪೂರ್ತಿ ವಿದ್ಯುತ್ತೇ ನಡೆಸುವುದರಿಂದ ಬ್ಯಾಟರಿ ಸತ್ತರೆ ಉಳಿಯುವುದು 1/500 ಸೆಕೆಂಡಿನ ಒಂದೇ ವೇಗ. ಅದರ ಒಳಗೊಂದು ಚಿಕ್ಕ ರಬ್ಬರ್ ಬಿಲ್ಲೆ ಇದೆ. ಅದು ಪುಡಿಯಾದರೆ ಬೆಳಕಿನ ಲೆಕ್ಕವೆಲ್ಲ ತಪ್ಪುತ್ತದೆ. ರೀಲು ಎಳೆಯುವಾಗ ಒಳಗಿನಿಂದ ಟಕ್ಕೆಂಬ ಸದ್ದು ಬಂದರೆ ಬಿಲ್ಲೆ ಇದೆ ಎಂದು ಅರ್ಥ. ನಮ್ಮ ಮಾವನ ಕ್ಯಾಮೆರಾದಲ್ಲಿ ಆ ಸದ್ದು ನಿಂತು ಎಷ್ಟು ಕಾಲವಾಗಿತ್ತೋ. ಒಲಿಂಪಸ್ 35 ಆರ್‌ಸಿಯನ್ನು ಗೆಳೆಯರೊಬ್ಬರಿಂದ ಎರವಲು ಪಡೆದು ಒಂದು ತಿಂಗಳು ಬಳಸಿದ್ದೇನೆ. 1970ರ ಈ ಕ್ಯಾಮೆರಾ ನಾನೂರು ಗ್ರಾಂ ಆಸುಪಾಸಿನದು, ಜುಬ್ಬದ ಜೇಬಿಗೆ ಇಳಿಯುತ್ತದೆ. ಶಟರ್ ವೇಗ ಮತ್ತು ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿಯ ಅಳತೆ) ಎರಡನ್ನೂ ವ್ಯೂಫೈಂಡರಿನಲ್ಲೇ ತೋರಿಸುತ್ತದೆ. ಹಗಲಿನಲ್ಲಿ ಮಾತ್ರ ಚಿತ್ರ ತೆಗೆಯುವವರಿಗೆ ನಾನು ಹೇಳುವುದು ಅದನ್ನೇ, ಕ್ಯಾನೊನೆಟ್ ಅಲ್ಲ. ನನ್ನ ಚಿತ್ರಗಳಲ್ಲಿ ಅರ್ಧದಷ್ಟು ಮನೆಯೊಳಗಿನವು, ಸಂಜೆ ಏಳರ ನಂತರದವು, ಅಲ್ಲಿ ಅದರ ಎಫ್/2.8 ಲೆನ್ಸು ಸಾಲದು.

ಹೇಗೆ ಸಾಲದು ಎಂದರೆ, ಟ್ಯೂಬ್‌ಲೈಟ್ ಉರಿಯುವ ನಮ್ಮ ಊಟದ ಮನೆಯಲ್ಲಿ 400 ಐಎಸ್‌ಒ (ಫಿಲ್ಮು ಬೆಳಕಿಗೆ ಸ್ಪಂದಿಸುವ ಅಳತೆ) ಫಿಲ್ಮಿಗೆ ಎಫ್/1.7ರಲ್ಲಿ 1/60 ಸೆಕೆಂಡ್ ಸಿಗುತ್ತದೆ, ದೀಪದಿಂದ ಸ್ವಲ್ಪ ದೂರ ಸರಿದರೆ 1/30. ಎಫ್/2.8 ಆದರೆ ಅದೇ ಜಾಗದಲ್ಲಿ ಸುಮಾರು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಕಳೆದುಕೊಂಡು, ಬಡಿಸುವ ಕೈ ಪ್ರತಿ ಫ್ರೇಮಿನಲ್ಲೂ ಮಸುಕಾಗುವಷ್ಟು ನಿಧಾನಕ್ಕೆ ಇಳಿಯಬೇಕಾಗುತ್ತದೆ. ಲೆನ್ಸಿನೊಳಗೇ ಇರುವ ಕ್ಯಾನೊನೆಟ್‌ನ ಎಲೆ ಶಟರಿಗೆ (ಲೀಫ್ ಶಟರ್) ಸದ್ದು ತೀರ ಕಡಿಮೆ, ಎದುರು ಕುಳಿತು ಉಣ್ಣುವವರಿಗೆ ಕೇಳಿಸುವುದಿಲ್ಲ. ಚಿತ್ರ ತೆಗೆಯುವಾಗ ಒಳಗಿನ ಕನ್ನಡಿ ಮೇಲೇಳುವ ಎಸ್‌ಎಲ್‌ಆರ್ ಕ್ಯಾಮೆರಾದ ಕಂಪನವೂ ಇಲ್ಲವಾದ್ದರಿಂದ ಉಸಿರು ಬಿಗಿಹಿಡಿದು 1/15ರಲ್ಲೂ ತೆಗೆದದ್ದುಂಟು.

ಆದರೆ ಅದೇ ಎಫ್/1.7 ನನಗೆ ಕ್ಯಾಮೆರಾದ ದೊಡ್ಡ ರೋಗವನ್ನೂ ತೋರಿಸಿಕೊಟ್ಟಿತು. ಈ ಲೆನ್ಸ್ ಫೋಕಸ್ ಆಗುವ ಅತಿ ಹತ್ತಿರದ ದೂರ 0.8 ಮೀಟರ್. ಅಷ್ಟು ಹತ್ತಿರದಲ್ಲಿ ಅಪರ್ಚರ್ ಪೂರ್ತಿ ತೆರೆದರೆ ಸ್ಪಷ್ಟವಾಗಿ ಮೂಡುವ ಆಳ ಹೆಚ್ಚುಕಡಿಮೆ ನಾಲ್ಕು ಸೆಂಟಿಮೀಟರ್. ನಾಲ್ಕನೆಯ ರೀಲಿನಲ್ಲಿ ಅಮ್ಮನ ಮುಖದ ಚಿತ್ರವೊಂದಿದೆ: ಮೂಗುಬೊಟ್ಟಿನ ಹರಳುಗಳನ್ನು ಎಣಿಸಬಹುದು, ಕಣ್ಣಿನ ರೆಪ್ಪೆ ಮಾತ್ರ ಮಂಜಿನಲ್ಲಿ ಮುಳುಗಿದೆ. ನಾನು ಫೋಕಸ್ ಮಾಡಿದ್ದು ಕಣ್ಣಿಗೆ. ಕೈ ನಡುಗಿರಬೇಕು ಎಂದುಕೊಂಡು ಮುಂದಿನ ಎರಡು ರೀಲುಗಳನ್ನೂ ಹಾಗೆಯೇ ಕಳೆದೆ.

ತಪ್ಪು ನನ್ನ ಕೈಯದಾಗಿರಲಿಲ್ಲ. ರೇಂಜ್‌ಫೈಂಡರ್ ನಮ್ಮ ಎರಡು ಕಣ್ಣುಗಳ ಹಾಗೆ ಕೆಲಸ ಮಾಡುತ್ತದೆ: ಮುಂಭಾಗದ ಎರಡು ಕಿಟಕಿಗಳಿಂದ ಬರುವ ಎರಡು ಬಿಂಬಗಳು ವ್ಯೂಫೈಂಡರಿನ ನಡುವಿನ ಹಳದಿ ಚೌಕದಲ್ಲಿ ಸೇರುತ್ತವೆ, ಲೆನ್ಸಿನ ಉಂಗುರ ತಿರುಗಿಸಿದಂತೆ ಅವುಗಳಲ್ಲಿ ಒಂದು ಸರಿಯುತ್ತ ಬರುತ್ತದೆ, ಎರಡೂ ಒಂದರ ಮೇಲೊಂದು ಕೂತ ಬಿಂದುವೇ ವಸ್ತುವಿನ ದೂರ. ಒಳಗಿನ ಚಿಕ್ಕ ಕನ್ನಡಿ ಕೂದಲೆಳೆಯಷ್ಟು ಜರುಗಿದರೂ ಈ ಲೆಕ್ಕ ತಪ್ಪುತ್ತದೆ, ಐವತ್ತು ವರ್ಷಗಳಲ್ಲಿ ಅದು ಜರುಗದೇ ಇರುವುದೇ ಆಶ್ಚರ್ಯ. ಮೈಸೂರಿನಲ್ಲಿರುವ ನನಗೆ ಪರೀಕ್ಷೆ ಸುಲಭವಾಗಿತ್ತು. ತಾರಸಿಗೆ ಹೋಗಿ, ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿ, ಹಳದಿ ಚೌಕವನ್ನು ಚಾಮುಂಡಿ ಬೆಟ್ಟದ ಗೋಪುರದ ಮೇಲಿಟ್ಟೆ. ಗೋಪುರಗಳು ಎರಡು ಕಂಡವು, ಒಂದರ ಎಡಕ್ಕೆ ಇನ್ನೊಂದು. ಎಫ್/8ರಲ್ಲಿ ತೆಗೆದ ರಸ್ತೆಯ ಚಿತ್ರಗಳಲ್ಲಿ ಈ ದೋಷ ಕಾಣದೆ ಹೋದದ್ದರಿಂದಲೇ ನನಗೆ ಇಷ್ಟು ದಿನ ತಿಳಿದಿರಲಿಲ್ಲ. ಬೆಂಗಳೂರಿನ ರಿಪೇರಿಯವರೊಬ್ಬರು ಮೇಲಿನ ತಗಡು ಬಿಚ್ಚಿ ಸರಿಪಡಿಸಿಕೊಟ್ಟರು; ಮೊದಲ ಸಲ ಅಡ್ಡ ಸರಿಯಾಗಿ ಉದ್ದ ತಪ್ಪಿತ್ತು, ಹಿಂದಿರುಗಿಸಿ ಕಳಿಸಿ ಒಟ್ಟು ನಾಲ್ಕು ತಿಂಗಳು ಕಾಯಬೇಕಾಯಿತು. ಈಗ ಪ್ರತಿ ಯುಗಾದಿಗೊಮ್ಮೆ ತಾರಸಿ ಹತ್ತಿ ಬೆಟ್ಟ ನೋಡುತ್ತೇನೆ.

ಕೊಳ್ಳುವ ದಿನವೇ ಈ ಪರೀಕ್ಷೆ ಮಾಡಿದ್ದರೆ ಆ ನಾಲ್ಕು ತಿಂಗಳು ಉಳಿಯುತ್ತಿತ್ತು. ಅಂದು ನಾನು ಮಾಡಿದ್ದು ಇಷ್ಟೇ: ಶಟರನ್ನು 'ಬಿ'ಗೆ ಇಟ್ಟು, ಒತ್ತಿ ಹಿಡಿದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಲೆನ್ಸಿನೊಳಗೆ ಬೂಷ್ಟು ಇದೆಯೇ ಎಂದು ನೋಡಿದೆ. ಅಂಚಿನಲ್ಲಿ ಒಂದೆರಡು ಎಳೆಯಷ್ಟು ಇತ್ತು, ಈಗಲೂ ಅಷ್ಟೇ ಇದೆ. 1/4 ಸೆಕೆಂಡಿನ ವೇಗ ತಡವರಿಸದೆ ಮುಚ್ಚುತ್ತದೆಯೇ ಎಂಬುದನ್ನೂ ನೋಡಿಕೊಂಡೆ. ಒಳಗಿನ ಎಣ್ಣೆ ಅಂಟಾಗಿದ್ದರೆ ಮೊದಲು ಸೋಲುವುದು ನಿಧಾನದ ವೇಗಗಳೇ. ಮಾರುವವರು "ಫುಲ್ ವರ್ಕಿಂಗ್ ಸರ್" ಎಂದರು. ಈ ಮಾತಿಗೆ ಶಟರ್ ಕ್ಲಿಕ್ಕೆನ್ನುತ್ತದೆ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ ಎಂಬುದನ್ನು ಆಮೇಲೆ ಕಲಿತೆ.

ಹಿಂಬಾಗಿಲಿನ ಸುತ್ತ ಬೆಳಕು ತಡೆಯಲು ಇಟ್ಟಿರುವ ಫೋಮು ಆ ಕಾಲದ ಹೆಚ್ಚಿನ ಕ್ಯಾಮೆರಾಗಳಲ್ಲೂ ಡಾಂಬರಿನಂತೆ ಕರಗಿರುತ್ತದೆ. ಮೊದಲ ರೀಲಿನ ಹನ್ನೊಂದು ಫ್ರೇಮುಗಳ ಅಂಚಿನಲ್ಲಿ ಕಿತ್ತಳೆ ಬಣ್ಣದ ಗೆರೆಗಳು ಬಂದವು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿ ಅದ್ದಿ, ಹಲ್ಲುಕಡ್ಡಿಯಿಂದ ಹಳೆಯದನ್ನು ಕೆರೆದು ತೆಗೆದು, ಸಪೂರವಾದ ಕಪ್ಪು ಉಲ್ಲನ್ ದಾರವನ್ನು ಕಾಲುವೆಯಲ್ಲಿ ಕೂರಿಸಿದೆ. ಒಂದು ಭಾನುವಾರದ ಕೆಲಸ. ಅದು ಇಂದಿಗೂ ಹಾಗೆಯೇ ಇದೆ.

ಬ್ಯಾಟರಿಯ ಕತೆ ಇದಕ್ಕಿಂತ ದೊಡ್ಡದು. ಈ ಕ್ಯಾಮೆರಾವನ್ನು ರೂಪಿಸಿದ್ದು 1.35 ವೋಲ್ಟಿನ ಪಾದರಸದ ಸೆಲ್ಲಿಗಾಗಿ. ಆ ಸೆಲ್ಲಿನ ವಿದ್ಯುತ್ ಒತ್ತಡ ಸೆಲ್ ಮುಗಿಯುವವರೆಗೂ ಒಂದೇ ಸಮ ಇರುತ್ತಿದ್ದುದರಿಂದ ಬೆಳಕನ್ನು ಅಳೆಯುವ ಮೀಟರಿಗೆ ಬೇರೆ ನಿಯಂತ್ರಣ ಬೇಕಿರಲಿಲ್ಲ. ಪಾದರಸ ವಿಷವಾದ್ದರಿಂದ ಅಂಥ ಸೆಲ್ಲುಗಳನ್ನು ಅಮೆರಿಕ 1996ರಲ್ಲಿ ಕಾನೂನು ಮಾಡಿ ನಿಲ್ಲಿಸಿತು, ಇತರ ದೇಶಗಳಲ್ಲೂ ಅವು ಮರೆಯಾದವು. ಅದೇ ಅಳತೆಯ ಆಲ್ಕಲೈನ್ ಸೆಲ್ ಈಗಲೂ ಸಿಗುತ್ತದೆ, ಆದರೆ ಅದು 1.5 ವೋಲ್ಟಿನದು. ಹೆಚ್ಚಿನ ಒತ್ತಡವನ್ನು ಮೀಟರು ಹೆಚ್ಚಿನ ಬೆಳಕೆಂದು ತಿಳಿದು ಅಪರ್ಚರನ್ನು ಕಿರಿದುಮಾಡುತ್ತದೆ, ಬೆಳಕು ಸಾಲದೆ ನೆಗೆಟಿವ್ ತೆಳ್ಳಗಾಗುತ್ತದೆ. ಬಣ್ಣದ ನೆಗೆಟಿವ್ ಫಿಲ್ಮು ಹೆಚ್ಚು ಬೆಳಕನ್ನು ಸಹಿಸೀತು, ಕಡಿಮೆ ಬೆಳಕನ್ನಲ್ಲ. ನನ್ನ ಎರಡನೆಯ ಮತ್ತು ಮೂರನೆಯ ರೀಲುಗಳ ನೆರಳೆಲ್ಲ ಕೆಸರಾಯಿತು.

ಪರಿಹಾರ ಸಿಕ್ಕಿದ್ದು ದೊಡ್ಡಪ್ಪನವರ ಔಷಧದ ಡಬ್ಬಿಯಲ್ಲಿ. ಅವರಿಗೆ ಕಿವಿ ಬಹಳ ಮಂದ. ಅವರ ಶ್ರವಣಯಂತ್ರಕ್ಕೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್ 1.4 ವೋಲ್ಟಿನದು, ಹಳೆಯ ಸೆಲ್ಲಿಗೆ ಸಾಕಷ್ಟು ಹತ್ತಿರ. ಗಾತ್ರದಲ್ಲಿ ಚಿಕ್ಕದಾದ್ದರಿಂದ ಹಾರ್ಡ್‌ವೇರ್ ಅಂಗಡಿಯ ರಬ್ಬರ್ ವಾಶರೊಂದನ್ನು ಸುತ್ತ ಕೂರಿಸಬೇಕು. ಮೇಲಿನ ನೀಲಿ ಪಟ್ಟಿ ಕಿತ್ತೊಡನೆ ಗಾಳಿ ಸೇರಿ ಕೆಲಸ ಶುರುವಾಗುತ್ತದೆ, ಬಳಸಿದರೂ ಬಳಸದಿದ್ದರೂ ನನ್ನಲ್ಲಿ ಎರಡು ತಿಂಗಳಿನ ಆಚೆ ಬಾಳಿಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರಿನಲ್ಲಿ ಈ ಸೆಲ್ಲಿಗೆ ಬರವಿಲ್ಲ. "ಮತ್ತೆ ನನ್ನ ಸೆಲ್ ತಗೊಂಡ್ಯೇನೋ?" ಎಂದು ದೊಡ್ಡಪ್ಪ ಈಗಲೂ ಕೇಳುವುದುಂಟು. ಇಷ್ಟಾಗಿಯೂ ಬ್ಯಾಟರಿ ಇಲ್ಲದೆ ಶಟರಿನ ಎಲ್ಲ ವೇಗಗಳೂ ನಡೆಯುತ್ತವೆ ಎಂಬುದೇ ನಾನು ಯಾಶಿಕಾ ಬಿಟ್ಟು ಇದನ್ನು ಇಟ್ಟುಕೊಂಡಿರುವುದಕ್ಕೆ ಮುಖ್ಯ ಕಾರಣ.

ಬಳಕೆಯಲ್ಲಿ ಕ್ಯಾನೊನೆಟ್ ಎರಡು ಬಗೆಯ ಕ್ಯಾಮೆರಾ. ಅಪರ್ಚರ್ ಉಂಗುರವನ್ನು 'ಎ'ಗೆ ಇಟ್ಟರೆ ನಾವು ಶಟರ್ ವೇಗ ಆರಿಸುತ್ತೇವೆ, ಅಪರ್ಚರನ್ನು ಅದು ಆರಿಸುತ್ತದೆ. ಬೆಳಕು ಮಿತಿಗಿಂತ ಹೆಚ್ಚಾದರೂ ಕಡಿಮೆಯಾದರೂ ಗುಂಡಿಯೇ ಒತ್ತುವುದಿಲ್ಲ. 'ಎ' ಬಿಟ್ಟು ಕೈಯಾರೆ ಅಪರ್ಚರ್ ಇಟ್ಟರೆ ಎಲ್ಲವೂ ನಮ್ಮ ಹೊಣೆ, ಮೀಟರು ಏನನ್ನೂ ಹೇಳುವುದಿಲ್ಲ. ನನ್ನ ಮುಖ್ಯ ದೂರು ಇದೇ. ಬಿಸಿಲಿನಲ್ಲಿ ಎಫ್/16 ಇಟ್ಟು ಶಟರನ್ನು ಐಎಸ್‌ಒ ಅಂಕೆಯ ಆಸುಪಾಸಿಗೆ ತರುವ ಹಳೆಯ ಸೂತ್ರ ನಡೆಯುತ್ತದೆ. ಆದರೆ 400ರ ಫಿಲ್ಮಿಗೆ ಎಫ್/16 ಮತ್ತು 1/500 ಎಂದರೆ ಕ್ಯಾಮೆರಾದ ಎರಡೂ ಅಂಚುಗಳನ್ನು ಮುಟ್ಟಿದಂತೆ. ಹಾಗಾಗಿ ಬೇಸಿಗೆಯಲ್ಲಿ 200ರ ಫಿಲ್ಮೇ ಹಾಕುತ್ತೇನೆ.

ಆ ಗುಂಡಿ ಬೀಗ ಹಾಕಿಕೊಳ್ಳುವುದರಿಂದ ಒಂದು ಉಪಕಾರವಿದೆ ಎಂಬುದು ನನಗೆ ತಿಳಿದದ್ದು ಅಣ್ಣನ ಮಗನ ಉಪನಯನದಲ್ಲಿ. ರೇಂಜ್‌ಫೈಂಡರಿನಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ ಅಲ್ಲ. ಲೆನ್ಸಿಗೆ ಮುಚ್ಚಳ ಹಾಕಿದ್ದರೂ ಕಿಟಕಿಯಲ್ಲಿ ಎಲ್ಲವೂ ಸೊಗಸಾಗಿಯೇ ಕಾಣುತ್ತದೆ. 'ಎ'ಯಲ್ಲಿದ್ದರೆ ಮುಚ್ಚಳದ ಹಿಂದಿನ ಕತ್ತಲೆಗೆ ಗುಂಡಿ ಒತ್ತಲು ಬಿಡುತ್ತಿರಲಿಲ್ಲ. ಅಂದು ಹೋಮದ ಹೊಗೆಗೆ ಮೀಟರು ಮೋಸ ಹೋದೀತೆಂಬ ಜಾಣತನದಿಂದ ನಾನೇ ಅಪರ್ಚರ್ ಇಟ್ಟುಕೊಂಡಿದ್ದೆ. ಮಾತೃಭೋಜನದ ಏಳು ಫ್ರೇಮುಗಳು, ಅತ್ತಿಗೆ ಮಗನಿಗೆ ತುತ್ತು ಕೊಡುವುದೂ ಸೇರಿ, ನೆಗೆಟಿವ್‌ನಲ್ಲಿ ಬರಿ ಖಾಲಿ. ನೋಟ್‌ಬುಕ್ಕಿನ ಕಾರಣದ ಸಾಲಿನಲ್ಲಿ "ಮುಚ್ಚಳ" ಎಂದಷ್ಟೇ ಬರೆದಿದ್ದೇನೆ. ಅತ್ತಿಗೆಗೆ ಸ್ಟುಡಿಯೋದವರು ರೀಲು ಕೆಡಿಸಿದರೆಂದು ಹೇಳಿದ್ದೆ, ಇದನ್ನು ಓದಿದರೆ ನಿಜ ಗೊತ್ತಾದೀತು.

ಕ್ಯೂಎಲ್ ಎಂಬ ಅಕ್ಷರಗಳು ಸೂಚಿಸುವ ಬೇಗ ರೀಲು ತುಂಬುವ ವ್ಯವಸ್ಥೆಯನ್ನು ಹೊಗಳದೆ ಇರಲಾರೆ. ಫಿಲ್ಮಿನ ತುದಿಯನ್ನು ಕೆಂಪು ಗುರುತಿನವರೆಗೆ ಎಳೆದು ಮುಚ್ಚಿದರೆ ಒಳಗಿನ ತಗಡು ಅದನ್ನು ಹಿಡಿದುಕೊಳ್ಳುತ್ತದೆ. ಎಪ್ಪತ್ತೊಂದರಲ್ಲಿ ಒಂದು ರೀಲೂ ಜಾರಿಲ್ಲ.

ಖರ್ಚಿನ ಮಾತು ಚಿಕ್ಕದಾಗಿ. ಬಣ್ಣದ ಒಂದು ರೀಲು, ತೊಳೆಸುವುದು ಮತ್ತು ಸ್ಕ್ಯಾನ್ ಸೇರಿದರೆ ಈಗ ಸಾವಿರದ ಐನೂರಕ್ಕೆ ಕಡಿಮೆ ನನಗೆ ಆಗುತ್ತಿಲ್ಲ. ಕ್ಯಾಮೆರಾಕ್ಕೆ ಕೊಟ್ಟ ಹಣವನ್ನು ಫಿಲ್ಮು ಎಂದೋ ದಾಟಿಹೋಗಿದೆ. ಮಳೆಗಾಲದಲ್ಲಿ ತೀರ್ಥಹಳ್ಳಿಯ ಅತ್ತೆಯ ಮನೆಗೆ ಹೋಗುವಾಗ ಇದನ್ನು ಒಯ್ಯುವುದನ್ನು ಬಿಟ್ಟಿದ್ದೇನೆ. ಅಲ್ಲಿ ವಾರದೊಳಗೆ ಚರ್ಮದ ಕವಚದ ಮೇಲೆ ಬಿಳಿ ಬೂಷ್ಟು ಕಾಣಿಸಿತ್ತು, ಕವಚದಿಂದ ಗಾಜಿಗೆ ದಾರಿ ದೂರವಿಲ್ಲ. ಈಗ ಕವಚವನ್ನು ಎಸೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಕ್ಯಾಮೆರಾ ಇಡುತ್ತೇನೆ.

ಇಂದು ಕೊಳ್ಳುವುದಾದರೂ ನಾನು ಜಿ3ನ್ನೇ ಕೊಳ್ಳುತ್ತೇನೆ, ಆದರೆ ಹೊಳೆಯುವ ಮೈ ನೋಡಿ ಅಲ್ಲ. ಗೀರುಗಳಿದ್ದರೂ ಇತ್ತೀಚೆಗೆ ಯಾರಾದರೂ ಬಿಚ್ಚಿ ಶುಚಿಮಾಡಿದ, ರೀಲು ಹಾಕಿ ತೆಗೆದ ಚಿತ್ರಗಳನ್ನು ತೋರಿಸಬಲ್ಲವರ ಕ್ಯಾಮೆರಾವನ್ನು, ಸ್ವಲ್ಪ ಹೆಚ್ಚು ಕೊಟ್ಟಾದರೂ. ಕೊಂಡ ಮೇಲೆ ಮುಂದಿನ ಸೆಲ್ಫ್‌ಟೈಮರ್ ಕಡ್ಡಿಯನ್ನು ಮಾತ್ರ ಮುಟ್ಟಬೇಡಿ. ಈ ವಯಸ್ಸಿನ ಶಟರುಗಳಲ್ಲಿ ಮೊದಲು ಸಿಕ್ಕಿಕೊಳ್ಳುವುದು ಅದೇ ಎಂದು ರಿಪೇರಿಯವರು ಎಚ್ಚರಿಸಿದ್ದರು, ನಾನು ಮುಟ್ಟಿರಲೂ ಇಲ್ಲ. ಕಳೆದ ದೀಪಾವಳಿಗೆ ತಂಗಿಯ ಮಗಳು ಅದನ್ನು ಕೆಳಗೆಳೆದಳು. ಕಡ್ಡಿ ಜುಯ್ಯೆನ್ನುತ್ತ ಅರ್ಧ ದಾರಿ ಬಂದು ನಿಂತಿತು. ಲೆನ್ಸಿನ ಬದಿಗೆ ಬೆರಳಿನಿಂದ ಎರಡು ಬಾರಿ ತಟ್ಟಿದ ಮೇಲೆ ಉಳಿದರ್ಧ ಮುಗಿಸಿ ಕ್ಲಿಕ್ಕೆಂದಿತು. ಈಗ ಅದರ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿದೆ.